ಒಂದು ಗಿಡದ ಮುಂದೆ ಕುಳಿತು ಜೀವಿಸಂಬಂಧಗಳನ್ನು ಓದುವ ಬಗೆ

ಪರಿಸರ ವಿಜ್ಞಾನವನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ವ್ಯಾಖ್ಯೆಗಳಿಂದ ಆರಂಭಿಸುತ್ತಾರೆ. ಆಹಾರ ಸರಪಳಿ, ಆಹಾರ ಜಾಲ, ಸಹಜೀವನ, ಪರಾವಲಂಬನೆ ಎಂಬ ಪದಗಳನ್ನು ಬಾಯಿಪಾಠ ಮಾಡಿ, ಪ್ರತಿಯೊಂದಕ್ಕೂ ಒಂದೊಂದು ಉದಾಹರಣೆ ನೆನಪಿಟ್ಟುಕೊಂಡರೆ ವಿಷಯ ತಿಳಿಯಿತೆಂದು ಭಾವಿಸುತ್ತಾರೆ. ನಾನು ಮೊದಲು ಕಲಿತದ್ದೂ ಹಾಗೆಯೇ. ಆದರೆ ಎಳೆ ಚಿಗುರಿಗೆ ರಸ ಹೀರುವ ಸಣ್ಣ ಕೀಟವಾದ ಸಸ್ಯಹೇನು ಮುತ್ತಿಕೊಂಡಿರುವ ಒಂದೇ ಒಂದು ಗಿಡದ ಮುಂದೆ ಕೆಲವು ವಾರ ತಾಳ್ಮೆಯಿಂದ ಕುಳಿತವರಿಗೆ ಆ ಪದಗಳಲ್ಲಿ ಬಹುಪಾಲು ತಾವಾಗಿಯೇ ಎದುರಾಗುತ್ತವೆ. ಪುಸ್ತಕದಲ್ಲಿ ಬೇರೆಬೇರೆ ಪೆಟ್ಟಿಗೆಗಳಲ್ಲಿ ಕುಳಿತಿರುವ ಸಂಬಂಧಗಳು ನಿಜದಲ್ಲಿ ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ, ಸಂದರ್ಭ ಬದಲಾದಂತೆ ಹೇಗೆ ತಮ್ಮ ಸ್ವರೂಪವನ್ನೇ ಬದಲಿಸಿಕೊಳ್ಳುತ್ತವೆ ಎಂಬುದೂ ಕಾಣತೊಡಗುತ್ತದೆ. ಹಾಗೆ ನೋಡಲು ಏನು ಮಾಡಬೇಕು, ಯಾವುದನ್ನು ಯಾವ ಕ್ರಮದಲ್ಲಿ ಬರೆದುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸಾಮಗ್ರಿ ಹೆಚ್ಚು ಬೇಕಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಥರ್ಮಾಮೀಟರ್, ನಾಲ್ಕು ಗೂಟ ಮತ್ತು ನಾಲ್ಕು ಮೀಟರಿಗಿಂತ ತುಸು ಉದ್ದದ ದಾರ ಇದ್ದರೆ ಸಾಕು. ಪೆನ್ನು ಬೇಡ, ಒದ್ದೆ ಕೈಯಲ್ಲಿ ಶಾಯಿ ಹರಡಿಕೊಳ್ಳುತ್ತದೆ. ಮೆತ್ತನೆಯ ಚಿಗುರುಗಳಿರುವ, ಇರುವೆಗಳು ಹತ್ತಿ ಇಳಿಯುತ್ತಿರುವ ಗಿಡವೊಂದನ್ನು ಆರಿಸಿಕೊಂಡು, ಅದು ನಡುವೆ ಬರುವಂತೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕವನ್ನು ದಾರದಿಂದ ಗುರುತಿಸಿ. ದಿನಕ್ಕೆ ಇಪ್ಪತ್ತು ನಿಮಿಷ, ಸಾಧ್ಯವಾದಷ್ಟೂ ಒಂದೇ ಹೊತ್ತಿನಲ್ಲಿ, ಆ ಚೌಕದ ಮುಂದೆ ಕುಳಿತುಕೊಳ್ಳುವುದೇ ಮುಖ್ಯ ಕೆಲಸ.

ಮೊದಲು ಜೀವವಿಲ್ಲದ್ದನ್ನು ಬರೆಯಿರಿ

ಮೊದಲ ದಿನ ಕಣ್ಣು ಹುಳಗಳ ಕಡೆಗೇ ಓಡುತ್ತದೆ. ಅದನ್ನು ತಡೆದು, ಬೆಳಕು ಎಷ್ಟು ಹೊತ್ತು ಬೀಳುತ್ತದೆ, ನೆರಳು ಎಲ್ಲಿಂದ ಬರುತ್ತದೆ, ಮಣ್ಣು ಮರಳೋ ಜೇಡಿಯೋ, ನೀರು ನಿಲ್ಲುತ್ತದೆಯೋ ಇಂಗುತ್ತದೆಯೋ ಎಂಬುದನ್ನು ಬರೆಯಿರಿ. ಥರ್ಮಾಮೀಟರನ್ನು ಮೊದಲು ಬರಿ ನೆಲದ ಮೇಲೆ, ಆಮೇಲೆ ಎಲೆಗಳ ಅಡಿಯಲ್ಲಿ ಇಟ್ಟು ನೋಡಿ. ಬಿಸಿಲು ಏರಿದ ಹೊತ್ತಿನಲ್ಲಿ ಒಂದೇ ಚೌಕದೊಳಗೆ ಹಲವು ಡಿಗ್ರಿಗಳ ಅಂತರ ಸಿಗುವುದು ಸಾಮಾನ್ಯ, ಮತ್ತು ಸಣ್ಣ ಜೀವಿಗೆ ಆ ಅಂತರವೇ ಬದುಕು ಸಾವುಗಳ ಅಂತರವಾಗಿರಬಹುದು. 1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಈ ಶಾಸ್ತ್ರಕ್ಕೆ ‘ಇಕಾಲಜಿ’ ಎಂಬ ಹೆಸರು ಕಟ್ಟಿದಾಗ ಆಧಾರವಾಗಿ ತೆಗೆದುಕೊಂಡದ್ದು ‘ಮನೆ’ ಎಂಬರ್ಥದ ಗ್ರೀಕ್ ಪದವನ್ನು. ಮನೆ ಎಂದ ಮೇಲೆ ಗೋಡೆ, ಕಿಟಕಿ, ನೀರು, ಗಾಳಿಗಳ ಲೆಕ್ಕವೂ ಬೇಕಾಗುತ್ತದೆ. ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ 1935ರಲ್ಲಿ ಜೀವಿಗಳನ್ನೂ ಅವುಗಳ ಸುತ್ತಲಿನ ನಿರ್ಜೀವ ಅಂಶಗಳನ್ನೂ ಸೇರಿಸಿ ಒಂದೇ ವ್ಯವಸ್ಥೆಯೆಂದು ಪರಿಗಣಿಸಬೇಕೆಂದು ವಾದಿಸಿ ಬಳಸಿದ ಪದವನ್ನೇ ನಾವು ಇಂದು ‘ಪರಿಸರ ವ್ಯವಸ್ಥೆ’ ಎನ್ನುತ್ತಿದ್ದೇವೆ.

ಆ ವ್ಯವಸ್ಥೆಯೊಳಗಿನ ಮಟ್ಟಗಳನ್ನು ಬೇರ್ಪಡಿಸಿ ಹೇಳುವುದಕ್ಕೂ ನಿಮ್ಮ ಚೌಕವೇ ಸಾಕು. ಒಂದು ಸಸ್ಯಹೇನು ಒಂದು ಜೀವಿ. ಆ ಗಿಡದ ಮೇಲಿರುವ ಅದೇ ಪ್ರಭೇದದ ಹೇನುಗಳೆಲ್ಲ ಸೇರಿದರೆ ಜೀವಿಸಂದಣಿ. ಹೇನು, ಇರುವೆ, ಜೇಡ, ಗಿಡ, ಬೂಷ್ಟು ಎಲ್ಲವೂ ಸೇರಿದರೆ ಜೀವಿ ಸಮುದಾಯ. ಅದಕ್ಕೆ ಬಿಸಿಲು, ಮಣ್ಣು, ನೀರುಗಳನ್ನು ಕೂಡಿಸಿದರೆ ಪರಿಸರ ವ್ಯವಸ್ಥೆ. ಇಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. ನೀವು ಕೇಳುತ್ತಿರುವ ಪ್ರಶ್ನೆ ಯಾವ ಮಟ್ಟದ್ದು ಎಂಬುದು ಗೊತ್ತಿದ್ದರಾಯಿತು.

ಎಣಿಸುವುದು

ಎಣಿಕೆಯಿಲ್ಲದ ವೀಕ್ಷಣೆ ಬಹುಬೇಗ ಕಥೆಯಾಗಿಬಿಡುತ್ತದೆ. ಗಿಡಗಳನ್ನು ಎಣಿಸಬೇಕಾದರೆ ಒಂದು ಚೌಕ ಸಾಲದು. ನೀವು ತಿಳಿಯಬಯಸುವ ಜಾಗದಲ್ಲಿ ಕನಿಷ್ಠ ಹತ್ತು ಚೌಕಗಳನ್ನಾದರೂ ಹಾಕಿ, ಪ್ರತಿಯೊಂದರಲ್ಲೂ ಆ ಗಿಡ ಎಷ್ಟಿದೆಯೆಂದು ಬರೆಯಬೇಕು. ಚೌಕವನ್ನು ಎಲ್ಲಿ ಹಾಕಬೇಕೆಂಬುದನ್ನು ಕಣ್ಣಿಗೆ ಬಿಡಬೇಡಿ, ಏಕೆಂದರೆ ಕಣ್ಣು ಗಿಡ ದಟ್ಟವಾಗಿರುವ ಕಡೆಗೇ ವಾಲುತ್ತದೆ. ಬೆನ್ನು ತಿರುಗಿಸಿ ಕಲ್ಲೆಸೆಯುವುದೂ ಸರಿಯಾದ ಉಪಾಯವಲ್ಲ, ಕೈ ತನಗೆ ಅನುಕೂಲವಾದ ದೂರಕ್ಕೇ ಎಸೆಯುತ್ತದೆ. ಜಾಗದ ಎರಡು ಅಂಚುಗಳನ್ನು ಅಳತೆಪಟ್ಟಿಯಂತೆ ಭಾವಿಸಿ, ಚೀಟಿ ಎತ್ತಿ ಬಂದ ಎರಡು ಸಂಖ್ಯೆಗಳು ಕೂಡುವ ಬಿಂದುವಿನಲ್ಲಿ ಚೌಕ ಹಾಕಿ. ಹತ್ತು ಚೌಕಗಳಲ್ಲಿ ಒಟ್ಟು 70 ಗಿಡ ಸಿಕ್ಕಿದರೆ ಚದರ ಮೀಟರಿಗೆ 7 ಎಂದಾಯಿತು, 200 ಚದರ ಮೀಟರ್ ಜಾಗದಲ್ಲಿ ಸುಮಾರು 1,400. ಆದರೆ ಸರಾಸರಿಯನ್ನಷ್ಟೇ ಬರೆದು ಪುಟ ತಿರುಗಿಸಬೇಡಿ. ಪ್ರತಿ ಚೌಕದಲ್ಲೂ ಆರೇಳು ಗಿಡಗಳಿರುವುದಕ್ಕೂ, ಒಂದೇ ಚೌಕದಲ್ಲಿ 60 ಇದ್ದು ಉಳಿದವು ಬಹುತೇಕ ಬರಿದಾಗಿರುವುದಕ್ಕೂ ಸರಾಸರಿ ಒಂದೇ. ಎರಡನೆಯದಾದರೆ ಅಲ್ಲಿ ನೀರಿನ ತೇವವೋ, ಬೀಜ ಬಿದ್ದ ಬಗೆಯೋ, ಮೇಯುವ ಪ್ರಾಣಿಯ ಹಾದಿಯೋ ಏನೋ ಒಂದು ಕಾರಣ ಇದ್ದೇ ಇರುತ್ತದೆ.

ಓಡಾಡುವ ಜೀವಿಗಳಿಗೆ ಬೇರೆ ಉಪಾಯವಿದೆ. ನೆಲದ ಬಸವನಹುಳುಗಳನ್ನು ತೆಗೆದುಕೊಳ್ಳೋಣ. ಮೊದಲ ಸಲ ಹಿಡಿದ 40 ಹುಳುಗಳ ಚಿಪ್ಪಿನ ಮೇಲೆ ಬಣ್ಣದ ಸಣ್ಣ ಚುಕ್ಕೆಯಿಟ್ಟು ಸಿಕ್ಕಿದ ಜಾಗದಲ್ಲೇ ಬಿಡಿ. ಕೆಲವು ದಿನಗಳ ಬಳಿಕ ಹಿಡಿದ 50ರಲ್ಲಿ ಚುಕ್ಕೆಯಿರುವವು 10 ಎನ್ನಿ. ಅಂದರೆ ಐದರಲ್ಲೊಂದಕ್ಕೆ ಗುರುತಿದೆ, ಗುರುತಿಟ್ಟದ್ದು 40, ಹಾಗಾಗಿ ಒಟ್ಟು ಸುಮಾರು 200. ಈ ಲೆಕ್ಕ ನಿಲ್ಲುವುದು ಈ ನಡುವೆ ಹುಳುಗಳು ಹೊರಗಿನಿಂದ ಬಂದಿಲ್ಲ, ಹೊರಗೆ ಹೋಗಿಲ್ಲ, ಗುರುತು ಅಳಿಸಿಲ್ಲ, ಗುರುತಿನ ಕಾರಣದಿಂದ ಹಕ್ಕಿಯ ಕಣ್ಣಿಗೆ ಬಿದ್ದಿಲ್ಲ ಎಂಬ ಊಹೆಗಳ ಮೇಲೆ. ಕೊನೆಯ ಊಹೆಯ ಸಲುವಾಗಿ ಚುಕ್ಕೆಯನ್ನು ಚಿಪ್ಪಿನ ಅಡಿಬದಿಯಲ್ಲಿಡುವುದು ಒಳ್ಳೆಯದು.

ಸಂದಣಿ ಏರುವುದೂ ಇಳಿಯುವುದೂ ನಾಲ್ಕೇ ದಾರಿಗಳಲ್ಲಿ: ಹುಟ್ಟು, ಸಾವು, ಒಳಬರುವಿಕೆ, ಹೊರಹೋಗುವಿಕೆ. ಸಸ್ಯಹೇನುಗಳಲ್ಲಿ ಈ ನಾಲ್ಕನ್ನೂ ಹತ್ತಿರದಿಂದ ನೋಡಬಹುದು. ಅನುಕೂಲದ ಕಾಲದಲ್ಲಿ ಹೆಣ್ಣು ಹೇನು ಗಂಡಿನ ನೆರವಿಲ್ಲದೆಯೇ ನೇರವಾಗಿ ಮರಿ ಹಾಕುತ್ತದೆ, ಇನ್ನೂ ಹುಟ್ಟದ ಆ ಮರಿಯೊಳಗೆ ಮುಂದಿನ ಪೀಳಿಗೆಯ ಭ್ರೂಣ ಆಗಲೇ ಬೆಳೆಯತೊಡಗಿರುತ್ತದೆ. ಚಿಗುರು ಕಿಕ್ಕಿರಿದಾಗ ರೆಕ್ಕೆಯಿರುವ ಹೇನುಗಳು ಕಾಣಿಸಿಕೊಂಡು ಬೇರೆ ಗಿಡಗಳತ್ತ ಹೊರಡುತ್ತವೆ. ಆದ್ದರಿಂದ ಎಣಿಸುವಾಗ ರೆಕ್ಕೆಯಿರುವವನ್ನೂ ಇಲ್ಲದವನ್ನೂ ಬೇರೆಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಹೇನುಗಳ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿದಾಗ ಅವು ಸತ್ತವೋ ಹಾರಿಹೋದವೋ ಎಂಬುದಕ್ಕೆ ಆ ಕಾಲಮ್ಮೇ ಸಾಕ್ಷಿ ಹೇಳುತ್ತದೆ.

ಬಾಣ ಯಾವ ಕಡೆಗೆ?

ಯಾರು ಯಾರನ್ನು ತಿನ್ನುತ್ತಾರೆಂಬುದನ್ನು ಕಣ್ಣಾರೆ ಕಂಡಷ್ಟನ್ನು ಮಾತ್ರ ಚಿತ್ರವಾಗಿ ಬಿಡಿಸಿ. ಬಾಣವು ತಿನ್ನಲ್ಪಟ್ಟದ್ದರಿಂದ ತಿಂದದ್ದರ ಕಡೆಗೆ ಇರಬೇಕು, ಗಿಡದಿಂದ ಹೇನಿಗೆ, ಹೇನಿನಿಂದ ಗುಲಗಂಜಿ ಹುಳುವಿಗೆ, ಗುಲಗಂಜಿ ಹುಳುವಿನಿಂದ ಜೇಡಕ್ಕೆ. ಹಲವರು ಇದನ್ನು ತಿರುಗಿಸಿ ಬರೆಯುತ್ತಾರೆ, ಏಕೆಂದರೆ ‘ತಿನ್ನುತ್ತದೆ’ ಎಂಬ ಕ್ರಿಯೆ ತಿನ್ನುವವನ ಕಡೆಯಿಂದ ಹೊರಡುತ್ತದೆ. ಆದರೆ ಬಾಣ ಸೂಚಿಸುವುದು ಶಕ್ತಿ ಹರಿಯುವ ದಿಕ್ಕನ್ನು. ಮೂರು ದಿನ ಕಳೆಯುವಷ್ಟರಲ್ಲಿ ನಿಮ್ಮ ಸರಪಳಿ ಸರಪಳಿಯಾಗಿ ಉಳಿಯದೆ ಜಾಲವಾಗಿರುತ್ತದೆ.

ಪ್ರತಿ ಬಾಣದಲ್ಲೂ ಶಕ್ತಿಯ ದೊಡ್ಡ ಪಾಲು ಸೋರಿಹೋಗುತ್ತದೆ. ತಿಂದದ್ದೆಲ್ಲ ಜೀರ್ಣವಾಗುವುದಿಲ್ಲ, ಜೀರ್ಣವಾದದ್ದರಲ್ಲೂ ಹೆಚ್ಚಿನದು ಉಸಿರಾಟದಲ್ಲಿ ಶಾಖವಾಗಿ ಹೊರಹೋಗುತ್ತದೆ. ಮೈಯಾಗಿ ಕೂಡಿಕೊಳ್ಳುವುದು ಅಲ್ಪ. ಒಂದು ಸ್ತರದಿಂದ ಮುಂದಿನ ಸ್ತರಕ್ಕೆ ಶೇಕಡ 10ರಷ್ಟು ಮಾತ್ರ ದಾಟುತ್ತದೆಂಬ ಲೆಕ್ಕ ಒಂದು ಸ್ಥೂಲ ಸರಾಸರಿ, ನಿಯಮವಲ್ಲ. ಆದರೂ ಅದನ್ನು ಹಿಡಿದು ನೋಡಿದರೆ ಗಿಡಗಳಲ್ಲಿರುವ 10,000 ಕಿಲೋಜೂಲ್ ಶಕ್ತಿ ಹೇನುಗಳಲ್ಲಿ 1,000, ಗುಲಗಂಜಿ ಹುಳುಗಳಲ್ಲಿ 100, ಜೇಡಗಳಲ್ಲಿ 10 ಆಗುತ್ತದೆ. ಸರಪಳಿಗಳು ನಾಲ್ಕೈದು ಕೊಂಡಿಗಳಲ್ಲೇ ಮುಗಿಯುವುದಕ್ಕೂ, ದೊಡ್ಡ ಬೇಟೆಪ್ರಾಣಿಗಳು ಎಲ್ಲೆಡೆಯೂ ವಿರಳವಾಗಿರುವುದಕ್ಕೂ ಇದು ಮುಖ್ಯ ಕಾರಣಗಳಲ್ಲೊಂದು. ಪರಿಸರ ವ್ಯವಸ್ಥೆಯನ್ನು ಹೀಗೆ ಶಕ್ತಿಯ ಹರಿವಾಗಿ ನೋಡುವ ದಾರಿಯನ್ನು ಸ್ಪಷ್ಟಪಡಿಸಿದವರು ಅಮೆರಿಕದ ರೇಮಂಡ್ ಲಿಂಡ್‌ಮನ್, ಮಿನ್ನೆಸೋಟದ ಒಂದು ಸಣ್ಣ ಕೆರೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. 1942ರಲ್ಲಿ ಅವರ ಪ್ರಬಂಧ ಅಚ್ಚಾಗುವ ಮೊದಲೇ, ಮೂವತ್ತು ತುಂಬುವ ಮುಂಚೆ, ಅವರು ತೀರಿಕೊಂಡಿದ್ದರು.

ಜಾಲದಲ್ಲಿ ಎಲ್ಲರೂ ಮರೆಯುವ ಭಾಗ ನೆಲದ ಮೇಲಿನ ಕಸ. ತೂಕ ಮಾಡಿದ ಒಣ ಎಲೆಗಳನ್ನು ಎರಡು ನೈಲಾನ್ ಬಲೆಚೀಲಗಳಲ್ಲಿ ಹಾಕಿ, ಒಂದರ ಕಣ್ಣು ಒಂದು ಮಿಲಿಮೀಟರಿಗಿಂತ ಸಣ್ಣದು, ಇನ್ನೊಂದರದು ಅರ್ಧ ಸೆಂಟಿಮೀಟರಿನಷ್ಟು ದೊಡ್ಡದು ಇರುವಂತೆ ನೋಡಿಕೊಂಡು, ಎರಡನ್ನೂ ಎಲೆಗಸದ ಅಡಿಯಲ್ಲಿಟ್ಟು ಎರಡು ತಿಂಗಳು ಬಿಡಿ. ಸಣ್ಣ ಕಣ್ಣಿನ ಚೀಲದೊಳಕ್ಕೆ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ತೀರಾ ಚಿಕ್ಕ ಜೀವಿಗಳಷ್ಟೇ ಹೋಗಬಲ್ಲವು, ಎರೆಹುಳು, ಸಾವಿರಕಾಲಿನಂಥವು ಹೋಗಲಾರವು. ಎಲೆಗಳನ್ನು ಮತ್ತೆ ಚೆನ್ನಾಗಿ ಒಣಗಿಸಿ ತೂಗಿದಾಗ ಸಿಗುವ ವ್ಯತ್ಯಾಸದಿಂದ, ಕೊಳೆಯಿಸುವ ಕೆಲಸದಲ್ಲಿ ಅಗಿದು ಚೂರು ಮಾಡುವವರ ಪಾಲೆಷ್ಟೆಂಬ ಅಂದಾಜು ದೊರೆಯುತ್ತದೆ.

ಕೂಡು, ಕಳೆ, ಸೊನ್ನೆ

ಈಗ ಈ ಅಭ್ಯಾಸದ ತಿರುಳಿಗೆ ಬರೋಣ. ನೀವು ಕಂಡ ಜೀವಿಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಅಡ್ಡಲಾಗಿಯೂ ಉದ್ದವಾಗಿಯೂ ಬರೆದು ಚೌಕಳಿ ಮಾಡಿಕೊಳ್ಳಿ. ಪ್ರತಿ ಜೋಡಿಗೂ ಎರಡು ಗುರುತು: ಈ ಸಂಬಂಧದಿಂದ ಮೊದಲನೆಯದಕ್ಕೆ ಲಾಭವಾದರೆ ಕೂಡು, ನಷ್ಟವಾದರೆ ಕಳೆ, ಏನೂ ಆಗದಿದ್ದರೆ ಸೊನ್ನೆ. ಎರಡನೆಯದಕ್ಕೂ ಹಾಗೆಯೇ. ಕೂಡು-ಕಳೆ ಬಂದರೆ ಬೇಟೆ, ಮೇಯುವಿಕೆ ಅಥವಾ ಪರಾವಲಂಬನೆ. ಕಳೆ-ಕಳೆ ಬಂದರೆ ಸ್ಪರ್ಧೆ. ಕೂಡು-ಕೂಡು ಬಂದರೆ ಪರಸ್ಪರ ಲಾಭದ ಸಹಜೀವನ. ಕೂಡು-ಸೊನ್ನೆ ಬಂದರೆ ಸಹಭೋಜನ, ಮೇಯುವ ದನದ ಕಾಲಡಿಯಿಂದ ಹಾರುವ ಮಿಡತೆಗಳನ್ನು ಬೆಳ್ಳಕ್ಕಿ ಹಿಡಿದು ತಿನ್ನುವಂತೆ. ಗುರುತು ಹಾಕುವುದು ಸುಲಭ. ಹಾಕಿದ ಗುರುತಿಗೆ ಸಾಕ್ಷಿ ಏನೆಂದು ಪಕ್ಕದಲ್ಲಿ ಬರೆಯುವುದೇ ಕಷ್ಟ, ಮತ್ತು ಕಲಿಕೆ ಇರುವುದೂ ಅಲ್ಲಿಯೇ. ಸೊನ್ನೆಯನ್ನಂತೂ ನಾನು ಯಾವಾಗಲೂ ಪೆನ್ಸಿಲಿನಲ್ಲಿ ತೆಳುವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ಸೊನ್ನೆಗಳ ಅರ್ಥ ‘ಪರಿಣಾಮವಿಲ್ಲ’ ಎಂದಲ್ಲ, ‘ಇನ್ನೂ ಯಾರೂ ಸರಿಯಾಗಿ ನೋಡಿಲ್ಲ’ ಎಂದು.

ಭೂತಗನ್ನಡಿ ಹಿಡಿದು ಚಿಗುರಿನ ಹತ್ತಿರ ಹೋಗಿ. ಹೇನು ತನ್ನ ಸೂಜಿಯಂಥ ಬಾಯಿಯನ್ನು ಗಿಡದ ಆಹಾರ ಸಾಗಿಸುವ ನಾಳಕ್ಕೆ ಚುಚ್ಚಿ ಅಲುಗಾಡದೆ ಕುಳಿತಿರುತ್ತದೆ. ಆ ರಸದಲ್ಲಿ ಸಕ್ಕರೆ ಹೇರಳ, ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳು ಕಡಿಮೆ. ಬೇಕಾದಷ್ಟು ಅಮೈನೋ ಆಮ್ಲಕ್ಕಾಗಿ ಹೇನು ಬೇಡವಾದಷ್ಟು ಸಕ್ಕರೆಯನ್ನು ಕುಡಿಯಬೇಕಾಗುತ್ತದೆ, ಹೆಚ್ಚಾದದ್ದು ಹಿಂಬದಿಯಿಂದ ಸಿಹಿ ಹನಿಯಾಗಿ ಹೊರಬರುತ್ತದೆ. ಇರುವೆ ಬಂದು ತನ್ನ ಮೀಸೆಗಳಿಂದ ಹೇನಿನ ಬೆನ್ನನ್ನು ಮೃದುವಾಗಿ ತಟ್ಟುತ್ತದೆ, ಹನಿ ಹೊರಬರುತ್ತದೆ, ಇರುವೆ ಅದನ್ನು ಹೀರಿ ಮುಂದಿನ ಹೇನಿಗೆ ಹೋಗುತ್ತದೆ. ಗುಲಗಂಜಿ ಹುಳು ಹತ್ತಿರ ಬಂದರೆ ಅದೇ ಇರುವೆ ಕಚ್ಚಿ ಓಡಿಸುತ್ತದೆ. ಕೂಡು-ಕೂಡು ಎಂದು ಬರೆಯಲು ಸಾಕಷ್ಟು ಸಾಕ್ಷಿ ಸಿಕ್ಕಿತು. ಕಣ್ಣಿಗೆ ಕಾಣದ ಇನ್ನೊಂದು ಕೂಡು-ಕೂಡು ಹೇನಿನ ಮೈಯೊಳಗೇ ಇದೆ. ಬಹುತೇಕ ಸಸ್ಯಹೇನುಗಳ ವಿಶೇಷ ಕೋಶಗಳಲ್ಲಿ ವಾಸಿಸುವ ಬುಕ್ನೇರಾ ಎಂಬ ಬ್ಯಾಕ್ಟೀರಿಯಾ, ಗಿಡದ ರಸದಲ್ಲಿ ಸಾಕಷ್ಟು ಸಿಗದ ಅಮೈನೋ ಆಮ್ಲಗಳನ್ನು ತಯಾರಿಸಿಕೊಡುತ್ತದೆ.

ಗುಂಪಿನ ನಡುವೆ ಕೆಲವು ಹೇನುಗಳು ಉಬ್ಬಿಕೊಂಡು, ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಎಲೆಗೆ ಅಂಟಿಕೊಂಡಿರುವುದು ಕಂಡರೆ ಅವನ್ನು ಸತ್ತವೆಂದು ಬಿಟ್ಟುಬಿಡಬೇಡಿ. ನಾನು ಮೊದಲ ಸಲ ಹಾಗೆಯೇ ಮಾಡಿ, ಎರಡು ವಾರದ ಎಣಿಕೆಯನ್ನು ಕೆಡಿಸಿಕೊಂಡಿದ್ದೆ. ಅವು ಹೇನಿನ ಮೈಯೊಳಗೆ ಮೊಟ್ಟೆಯಿಡುವ ಅತಿಸಣ್ಣ ಕಣಜದ ಕುರುಹು. ಮರಿ ಒಳಗಿನಿಂದ ತಿನ್ನುತ್ತಾ ಬೆಳೆದು, ಹೇನಿನ ಚರ್ಮವನ್ನೇ ಗೂಡಾಗಿಸಿಕೊಂಡು, ಕೊನೆಗೆ ದುಂಡನೆಯ ರಂಧ್ರವೊಂದನ್ನು ಕೊರೆದು ಹೊರಬರುತ್ತದೆ. ರಂಧ್ರವಿರುವ ಚಿಪ್ಪುಗಳೆಷ್ಟು, ಇಲ್ಲದವೆಷ್ಟು ಎಂದು ಬೇರೆಬೇರೆ ಎಣಿಸಿದರೆ ಎಷ್ಟು ಕಣಜಗಳು ಆಗಲೇ ಹಾರಿವೆ, ಎಷ್ಟು ಒಳಗೆ ಇನ್ನೂ ಬೆಳೆಯುತ್ತಿವೆ ಎಂಬುದು ತಿಳಿಯುತ್ತದೆ.

ಸ್ಪರ್ಧೆಯನ್ನು ಹೀಗೆ ಕಣ್ಣೆದುರು ಹಿಡಿಯುವುದು ಕಷ್ಟ, ಏಕೆಂದರೆ ಸ್ಪರ್ಧಿಗಳು ಬಹಳ ಸಲ ಒಬ್ಬರನ್ನೊಬ್ಬರು ಮುಟ್ಟುವುದೂ ಇಲ್ಲ. ರಷ್ಯಾದ ವಿಜ್ಞಾನಿ ಗಾಜ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಆಹಾರವನ್ನು ನಂಬಿದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಪ್ರಭೇದಗಳನ್ನು ಒಂದೇ ನಳಿಕೆಯಲ್ಲಿ ಬೆಳೆಸಿದಾಗ ಒಂದು ಉಳಿದು ಇನ್ನೊಂದು ಅಳಿಯಿತು. ಆದರೆ ಅಳಿದ ಅದೇ ಪ್ರಭೇದವನ್ನು, ನಳಿಕೆಯ ತಳದಲ್ಲಿ ಮೇಯುವ ಮೂರನೆಯದರ ಜೊತೆ ಇಟ್ಟಾಗ ಎರಡೂ ಉಳಿದವು. ಒಂದೇ ಜಾಗದಲ್ಲಿದ್ದೂ ಕಾಲ, ಆಹಾರ, ಎತ್ತರಗಳನ್ನು ಹಂಚಿಕೊಂಡರೆ ಜೊತೆಗೆ ಬಾಳಬಹುದೆಂಬುದಕ್ಕೆ ಪರಿಸರ ವಿಜ್ಞಾನಿ ರಾಬರ್ಟ್ ಮೆಕಾರ್ಥರ್ 1958ರಲ್ಲಿ ವರ್ಣಿಸಿದ ಐದು ಬಗೆಯ ವಾರ್ಬ್ಲರ್ ಹಕ್ಕಿಗಳೂ ಸಾಕ್ಷಿ. ಒಂದೇ ಮರದಲ್ಲಿದ್ದರೂ ಅವು ಹುಳ ಹುಡುಕುವ ಭಾಗಗಳು ಬೇರೆಬೇರೆಯಾಗಿದ್ದವು. ಜೀವಿ ಇರುವ ಜಾಗ ಅದರ ವಿಳಾಸವಾದರೆ, ಅಲ್ಲಿ ಅದು ಬದುಕು ನಡೆಸುವ ಬಗೆ ಅದರ ಕಸುಬು. ವಿಳಾಸ ಒಂದೇ ಆಗಿರುವುದರಿಂದ ತೊಂದರೆಯಿಲ್ಲ, ಕಸುಬೂ ಒಂದೇ ಆದಾಗ ಜಗಳ. ನಿಮ್ಮ ಗಿಡದಲ್ಲೂ ಎಲೆಯ ಮೇಲ್ಮೈ, ಕೆಳಮೈ, ಕಾಂಡ, ಚಿಗುರು ಎಂದು ಭಾಗ ಮಾಡಿ, ಯಾವ ಹುಳ ಎಲ್ಲಿ ಎಷ್ಟು ಹೊತ್ತು ಇರುತ್ತದೆಂದು ಬರೆದುಕೊಳ್ಳಿ.

ಇಷ್ಟಾದ ಮೇಲೆ ಒಂದು ಎಚ್ಚರಿಕೆ. ಹಾಕಿದ ಗುರುತುಗಳು ಶಾಶ್ವತವಲ್ಲ. ಸಕ್ಕರೆ ಸಾಕಷ್ಟು ಸಿಕ್ಕಿ ಪ್ರೋಟೀನಿನ ಅಗತ್ಯ ಹೆಚ್ಚಾದಾಗ, ತಾನು ಕಾಯುತ್ತಿದ್ದ ಹೇನನ್ನೇ ಇರುವೆ ತಿನ್ನುವುದುಂಟು, ಆಗ ಕೂಡು-ಕೂಡು ಇದ್ದದ್ದು ಕೂಡು-ಕಳೆ ಆಗುತ್ತದೆ. ಬೇರಿನೊಡನೆ ಕೂಡಿ ಬೆಳೆಯುವ ಶಿಲೀಂಧ್ರ ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ಗಿಡಕ್ಕೆ ವರ, ರಂಜಕ ಧಾರಾಳವಾಗಿರುವ ಕಡೆ ಅದು ಸಕ್ಕರೆ ತಿನ್ನುವ ಹೊರೆಯಾಗಬಲ್ಲದು. ಆದ್ದರಿಂದ ಪ್ರತಿ ಗುರುತಿನ ಕೆಳಗೆ ದಿನಾಂಕವನ್ನೂ ಅಂದಿನ ಹವೆಯನ್ನೂ ಬರೆಯಿರಿ.

ನೇರವಲ್ಲದ ಸಂಬಂಧಗಳಿಗೆ ಗುಣಾಕಾರದ ನಿಯಮವೇ ಸಾಕು. ಗುಲಗಂಜಿ ಹುಳು ಹೇನಿಗೆ ಕಳೆ, ಹೇನು ಗಿಡಕ್ಕೆ ಕಳೆ, ಕಳೆಯನ್ನು ಕಳೆಯಿಂದ ಗುಣಿಸಿದರೆ ಕೂಡು, ಅಂದರೆ ಗುಲಗಂಜಿ ಹುಳು ಗಿಡಕ್ಕೆ ಲಾಭ. ಇದೇ ಲೆಕ್ಕ ಕಡಲಿನಲ್ಲೂ ನಡೆಯುತ್ತದೆ. ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳ ಬಗ್ಗೆ 1974ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಲ ನೀರುನಾಯಿಗಳಿರುವ ದ್ವೀಪಗಳ ಸುತ್ತ ಕೆಲ್ಪ್ ಎಂಬ ದೈತ್ಯ ಪಾಚಿ ಕಾಡಿನಂತೆ ಬೆಳೆದಿತ್ತು, ಅವಿಲ್ಲದ ಕಡೆ ನೀರುನಾಯಿಗಳಿಗೆ ಆಹಾರವಾದ, ಪಾಚಿ ಮೇಯುವ ಮುಳ್ಳುಮೈಯ ಸಮುದ್ರ ಅರ್ಚಿನ್‌ಗಳು ತಳವನ್ನು ಬೋಳು ಮಾಡಿದ್ದವು. ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ ಅವರದು ಇನ್ನೂ ನೇರವಾದ ಪರೀಕ್ಷೆ. ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಗಳಿಂದ ಒಂದು ಬಗೆಯ ನಕ್ಷತ್ರಮೀನನ್ನು ಕಿತ್ತು ಕಡಲಿಗೆ ಎಸೆಯುತ್ತಾ ಹೋದಾಗ, ಅದರ ಬಾಯಿಂದ ತಪ್ಪಿಸಿಕೊಂಡ, ಬಂಡೆಗೆ ಅಂಟಿ ಬದುಕುವ ಚಿಪ್ಪುಜೀವಿಗಳಾದ ಮಸ್ಸೆಲ್‌ಗಳು ಬಂಡೆಯನ್ನು ಆಕ್ರಮಿಸತೊಡಗಿ, 15 ಪ್ರಭೇದಗಳಿದ್ದ ಸಮುದಾಯ 8ಕ್ಕೆ ಇಳಿದದ್ದನ್ನು ಅವರು 1966ರಲ್ಲಿ ವರದಿ ಮಾಡಿದರು. ಸಂಖ್ಯೆಯಲ್ಲಿ ಅಲ್ಪವಾಗಿದ್ದೂ ಇಡೀ ಸಮುದಾಯದ ಸ್ವರೂಪವನ್ನು ನಿರ್ಧರಿಸುವ ಇಂಥ ಜೀವಿಗೆ ಕಮಾನಿನ ನಡುಗಲ್ಲಿನ ಹೋಲಿಕೆಯಿಂದ ‘ಕೀಸ್ಟೋನ್ ಪ್ರಭೇದ’ ಎಂಬ ಹೆಸರನ್ನೂ ಅವರೇ ಕೊಟ್ಟರು.

ಊಹೆಯನ್ನು ಪರೀಕ್ಷಿಸುವುದು

ಪೇನ್ ಮಾಡಿದ್ದನ್ನು ಸಣ್ಣ ಪ್ರಮಾಣದಲ್ಲಿ ನೀವೂ ಮಾಡಬಹುದು. ಇರುವೆಗಳು ಹೇನುಗಳನ್ನು ರಕ್ಷಿಸುತ್ತಿವೆ ಎಂಬುದು ನಿಮ್ಮ ಊಹೆಯಾದರೆ, ಇರುವೆಗಳನ್ನು ತಡೆದು ನೋಡಬೇಕು. ಹೇನು ಹತ್ತಿರುವ, ಸುಮಾರು ಒಂದೇ ಗಾತ್ರದ ಹತ್ತು ಗಿಡಗಳನ್ನು ಆರಿಸಿ, ನಾಣ್ಯ ಚಿಮ್ಮಿ ಐದೈದಾಗಿ ವಿಂಗಡಿಸಿ. ಎಲ್ಲ ಹತ್ತರ ಕಾಂಡಕ್ಕೂ ಕಾಗದದ ಟೇಪ್ ಸುತ್ತಿ, ಐದರ ಟೇಪಿನ ಮೇಲೆ ಮಾತ್ರ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಉಳಿದ ಐದಕ್ಕೂ ಟೇಪ್ ಏಕೆಂದರೆ, ವ್ಯತ್ಯಾಸ ಬಂದಾಗ ಅದು ಟೇಪಿನಿಂದಲ್ಲ, ಇರುವೆ ಇಲ್ಲದ್ದರಿಂದ ಬಂದದ್ದೆಂದು ಹೇಳಲು ಬೇರೆ ದಾರಿಯಿಲ್ಲ. ಜೆಲ್ಲಿಯನ್ನು ತೊಗಟೆಗೆ ನೇರವಾಗಿ ಹಚ್ಚಬೇಡಿ. ಪಕ್ಕದ ಹುಲ್ಲಿನ ಎಸಳೊಂದು ಗಿಡಕ್ಕೆ ತಾಗಿದ್ದರೂ ಇರುವೆಗಳಿಗೆ ಅದೇ ಸೇತುವೆಯಾಗುತ್ತದೆ, ಹಾಗಾಗಿ ಸುತ್ತಲಿನದನ್ನು ಕತ್ತರಿಸಿ, ಪ್ರತಿದಿನ ಪರಿಶೀಲಿಸಿ.

ಎರಡು ವಾರ, ಎರಡು ದಿನಕ್ಕೊಮ್ಮೆ, ಪ್ರತಿ ಗಿಡದಲ್ಲೂ ಮೊದಲೇ ಗುರುತು ಮಾಡಿದ ಮೂರು ಚಿಗುರುಗಳಲ್ಲಿ ಹೇನು, ಗುಲಗಂಜಿ ಹುಳು ಮತ್ತು ಅದರ ಮರಿ, ಉಬ್ಬಿದ ಚಿಪ್ಪುಗಳನ್ನು ಎಣಿಸಿ. ಇರುವೆಯಿಲ್ಲದ ಗಿಡಗಳಲ್ಲಿ ಬೇಟೆಗಾರರು ಹೆಚ್ಚಿ ಹೇನುಗಳು ಇಳಿದರೆ ಊಹೆಗೆ ಬಲ ಬಂದಂತೆ. ಹೇನು ಇಳಿಯದಿದ್ದರೆ ಪ್ರಯೋಗ ಕೆಟ್ಟಿತೆಂದು ಹಾಳೆ ಹರಿಯಬೇಡಿ. ಆ ಋತುವಿನಲ್ಲಿ ಸುತ್ತ ಬೇಟೆಗಾರರೇ ಇಲ್ಲದಿದ್ದರೆ ಕಾವಲುಗಾರನಿದ್ದರೂ ಇಲ್ಲದಿದ್ದರೂ ಒಂದೇ, ಮತ್ತು ಅದೂ ಒಂದು ಫಲಿತಾಂಶ. ಇರುವೆ ಹೀರದೆ ಉಳಿದ ಸಿಹಿ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಹಬ್ಬಿದ್ದರೆ ಅದನ್ನೂ ದಾಖಲಿಸಿ, ಏಕೆಂದರೆ ಇರುವೆ ಗಿಡಕ್ಕೆ ಕೊಡುತ್ತಿದ್ದ ಲಾಭವೊಂದು ಅಲ್ಲಿ ಬಯಲಾಗುತ್ತದೆ.

ಪ್ರಯೋಗ ಮುಗಿದ ದಿನ ಟೇಪುಗಳನ್ನು ಬಿಚ್ಚಿ, ದಾರವನ್ನು ಸುತ್ತಿಡಿ, ಗೂಟಗಳನ್ನು ಮಾತ್ರ ಅಲ್ಲೇ ಬಿಡಿ. ಚೌಕದ ಒಂದು ಮೂಲೆಯಲ್ಲಿ ಒಂದು ಗೇಣು ನೆಲವನ್ನು ಬೇರುಸಹಿತ ಕೆರೆದು ಬರಿದು ಮಾಡಿ, ತಿಂಗಳಿಗೊಮ್ಮೆ ಅಲ್ಲಿ ಯಾವುದು ಮೊದಲು ಬಂತು, ಯಾವುದು ಯಾವುದನ್ನು ಮರೆಮಾಡಿತು ಎಂದು ಬರೆಯುತ್ತಾ ಹೋಗಿ. ಐಸ್‌ಲೆಂಡಿನ ಬಳಿ 1963ರಲ್ಲಿ ಜ್ವಾಲಾಮುಖಿಯಿಂದ ಎದ್ದ ಸರ್ಟ್ಸೇ ದ್ವೀಪದಲ್ಲಿ ವಿಜ್ಞಾನಿಗಳು ಇದೇ ಕೆಲಸವನ್ನು ದಶಕಗಳಿಂದ ಮಾಡುತ್ತಿದ್ದಾರೆ. ಅಲ್ಲಿ ಮೊದಲ ಹೂಬಿಡುವ ಸಸ್ಯ ಕಂಡದ್ದು 1965ರಲ್ಲಿ, ಆದರೆ ಸಸ್ಯಗಳ ಸಂಖ್ಯೆ ಗಣನೀಯವಾಗಿ ಏರಿದ್ದು 1980ರ ದಶಕದ ನಡುವಿನಲ್ಲಿ ಕಡಲಕ್ಕಿಗಳು ಗೂಡುಕಟ್ಟಲು ನೆಲೆಸಿ ಅವುಗಳ ಹಿಕ್ಕೆ ಬರಡು ನೆಲಕ್ಕೆ ಸಾರಜನಕ ಕೊಟ್ಟ ಮೇಲೆ. ನಿಮ್ಮ ಗೇಣು ನೆಲದಲ್ಲಿ ಬೀಜಗಳು ಮಣ್ಣಿನಲ್ಲೇ ಇರುವುದರಿಂದ ಕೆಲವೇ ದಿನಗಳಲ್ಲಿ ಹಸಿರು ಕಾಣಿಸುತ್ತದೆ. ಮೊದಲ ಮೊಳಕೆ ಯಾವ ಗಿಡದ್ದೆಂದು ಗೊತ್ತಾಗದಿದ್ದರೆ ಅದರ ಎರಡು ಎಳೆ ಎಲೆಗಳ ಚಿತ್ರ ಬಿಡಿಸಿ ಒಂದು ಅಂಕಿ ಕೊಟ್ಟಿಡಿ, ಹೂ ಬಿಟ್ಟಾಗ ಹೆಸರು ತುಂಬಬಹುದು.